ಸಂಶೋಧನಾ ವಿದ್ಯಾರ್ಥಿಗಳ ರಜೆ ಮತ್ತು ಬಿಡುವಿನ ಹಕ್ಕು ಕುರಿತ ಮನವಿ ಪತ್ರ

ಇವರಿಗೆ: ಮಾನ್ಯ ಉಪಾಧ್ಯಕ್ಷರು, ಕರ್ನಾಟಕ ರಾಜ್ಯ ಉನ್ನತ ಶಿಕ್ಷಣ ಪರಿಷತ್ತು, ಬೆಂಗಳೂರು

ಇವರಿಂದ: ರಾಮನಗರ, ಚನ್ನಪಟ್ಟಣ, ಕನಕಪುರ ಮತ್ತು ಮಾಗಡಿ ತಾಲ್ಲೂಕುಗಳ ಪಿಎಚ್.ಡಿ. ಸಂಶೋಧನಾ ವಿದ್ಯಾರ್ಥಿಗಳು

ವಿಷಯ: ಸಂಶೋಧನಾ ಅವಧಿಯಲ್ಲಿ ವಾರ್ಷಿಕ ರಜೆ, ಆರೋಗ್ಯ ವಿರಾಮ ಮತ್ತು ಕ್ಷೇತ್ರಕಾರ್ಯದ ಹಾಜರಾತಿಗೆ ಲಿಖಿತ ನಿಯಮ ರೂಪಿಸುವ ಬಗ್ಗೆ

ಪಿಎಚ್.ಡಿ. ಸಂಶೋಧನೆಯ ಕಾಲಮಿತಿಯನ್ನು ಇಂದು ನಿರ್ಧರಿಸುವುದು ವಿಶ್ವವಿದ್ಯಾಲಯ ಧನಸಹಾಯ ಆಯೋಗ, ಅಂದರೆ ಯುಜಿಸಿ, 2022ರ ನವೆಂಬರ್ 7ರಂದು ಹೊರಡಿಸಿದ ನಿಯಮಾವಳಿ. ಅದರಂತೆ ಕೋರ್ಸ್‌ವರ್ಕ್ ಸೇರಿ ಕನಿಷ್ಠ 3 ವರ್ಷ, ಪ್ರವೇಶ ಪಡೆದ ದಿನದಿಂದ ಗರಿಷ್ಠ 6 ವರ್ಷ. ಮರುನೋಂದಣಿ ಮಾಡಿಸಿಕೊಂಡರೆ ಮತ್ತೆ 2 ವರ್ಷ ಸಿಗಬಹುದು. ಮಹಿಳೆಯರಿಗೂ ಶೇ. 40ಕ್ಕಿಂತ ಹೆಚ್ಚಿನ ಅಂಗವೈಕಲ್ಯ ಇರುವವರಿಗೂ ಒಟ್ಟು 10 ವರ್ಷದವರೆಗೆ ವಿನಾಯಿತಿ ಇದೆ. ಮಹಿಳೆಯರಿಗೆ ಹೆರಿಗೆ ಮತ್ತು ಶಿಶುಪಾಲನೆಗೆಂದು ಇಡೀ ಅವಧಿಯಲ್ಲಿ 240 ದಿನಗಳವರೆಗೆ ರಜೆ ಕೊಡಬಹುದು. ಆದರೆ ಕಾಯಿಲೆ ಬಿದ್ದವರು, ಮನೆಯಲ್ಲಿ ಸಾವು ಕಂಡವರು, ಒತ್ತಡದಿಂದ ಬಸವಳಿದು ಕೆಲಕಾಲ ಸಂಶೋಧನೆಯಿಂದ ದೂರ ಇರಬೇಕಾದವರು ಏನು ಮಾಡಬೇಕು ಎಂಬುದಕ್ಕೆ ನಿಯಮಾವಳಿಯಲ್ಲಿ ಪ್ರತ್ಯೇಕ ಅವಕಾಶವಿಲ್ಲ. ಪ್ರವೇಶದ ದಿನ ಶುರುವಾದ ಲೆಕ್ಕ ಅವರ ಪಾಲಿಗೆ ನಡುವೆ ಎಲ್ಲೂ ನಿಲ್ಲುವುದಿಲ್ಲ.

ಶಿಷ್ಯವೇತನ ಪಡೆಯುವವರ ಸ್ಥಿತಿ ಕೊಂಚ ಸ್ಪಷ್ಟವಾಗಿದೆ. ಯುಜಿಸಿಯ ಜೂನಿಯರ್ ರಿಸರ್ಚ್ ಫೆಲೋಗಳು ಸಾರ್ವಜನಿಕ ರಜಾದಿನಗಳಲ್ಲದೆ ವರ್ಷಕ್ಕೆ 30 ದಿನ ರಜೆ ಪಡೆಯಬಹುದು. ಕಾಲೇಜುಗಳಿಗೆ ಸಿಗುವ ದೀರ್ಘ ರಜೆಗಳು ಅವರಿಗಿಲ್ಲ. 2023ರ ಜನವರಿಯಿಂದ ಅವರ ಶಿಷ್ಯವೇತನ ತಿಂಗಳಿಗೆ 37,000 ರೂಪಾಯಿ, ಸೀನಿಯರ್ ಫೆಲೋಗಳದ್ದು 42,000 ರೂಪಾಯಿ. ಶಿಷ್ಯವೇತನವೇ ಇಲ್ಲದೆ ಸಂಶೋಧನೆ ಮಾಡುತ್ತಿರುವವರಿಗೆ ಈ 30 ದಿನವೂ ಬರಹದಲ್ಲಿಲ್ಲ. ಅವರ ರಜೆ ಮಾರ್ಗದರ್ಶಕರ ಒಳ್ಳೆಯತನವನ್ನು ಅವಲಂಬಿಸಿದೆ. ಒಳ್ಳೆಯ ಮಾರ್ಗದರ್ಶಕರು ಅನೇಕರಿದ್ದಾರೆ. ಆದರೂ ಹಕ್ಕಾಗಿ ಸಿಗಬೇಕಾದದ್ದು ಒಬ್ಬರ ಮನಸ್ಸಿನ ಮೇಲೆ ನಿಲ್ಲಬಾರದು.

ಈ ನಾಲ್ಕು ತಾಲ್ಲೂಕುಗಳಲ್ಲಿ ಸಂಶೋಧನೆಯ ಬದುಕು ಬೆಂಗಳೂರಿನ ಹಾಸ್ಟೆಲ್‌ನಲ್ಲಿ ಉಳಿದು ಓದುವವರ ಬದುಕಿನಂತಲ್ಲ. ರಾಮನಗರ, ಚನ್ನಪಟ್ಟಣದವರಿಗೆ ಮೈಸೂರು ಮಾರ್ಗದ ರೈಲುಂಟು. ಕನಕಪುರಕ್ಕೂ ಮಾಗಡಿಗೂ ರೈಲೇ ಇಲ್ಲ. ಜ್ಞಾನಭಾರತಿ ಆವರಣಕ್ಕಾಗಲಿ ನಗರದ ಗ್ರಂಥಾಲಯಗಳಿಗಾಗಲಿ ಬಸ್ಸನ್ನೇ ನಂಬಬೇಕು. ಹಲವರು ಸರ್ಕಾರಿ ಪ್ರಥಮ ದರ್ಜೆ ಕಾಲೇಜುಗಳಲ್ಲಿ ಅತಿಥಿ ಉಪನ್ಯಾಸಕರು. ಪಾಠ, ಮೌಲ್ಯಮಾಪನ, ಪ್ರಯಾಣ ಮುಗಿದ ಮೇಲೆ ಉಳಿಯುವ ರಾತ್ರಿಯೇ ಅಧ್ಯಾಯ ಬರೆಯುವ ಹೊತ್ತು. ಕಾಲೇಜಿಗೆ ರಜೆ ಬಿಟ್ಟಾಗ ಸಂಶೋಧನೆಯ ಬಾಕಿ ಕೆಲಸ ಕಾದಿರುತ್ತದೆ. ಹೀಗಾಗಿ ವರ್ಷದ ಯಾವ ತಿಂಗಳಲ್ಲೂ ಎರಡೂ ಕೆಲಸಗಳಿಂದ ಒಟ್ಟಿಗೆ ಬಿಡುವು ಸಿಗುವುದಿಲ್ಲ.

ರೇಷ್ಮೆ ಸಾಕುವ ಮನೆಗಳಿಂದ ಬಂದವರ ಮಾತು ಇನ್ನೂ ಬೇರೆ. ನಾಲ್ಕನೆಯ ಜ್ವರದಿಂದ, ಅಂದರೆ ಪೊರೆ ಕಳಚುವ ಹಂತದಿಂದ, ಎದ್ದ ಹುಳು ಹಣ್ಣಾಗುವವರೆಗಿನ ಸುಮಾರು ಒಂದು ವಾರದಲ್ಲಿ, ಇಡೀ ಬೆಳೆಗೆ ಬೇಕಾದ ಸೊಪ್ಪಿನಲ್ಲಿ ಶೇ. 80ಕ್ಕೂ ಹೆಚ್ಚು ಪಾಲನ್ನು ತಿನ್ನುತ್ತದೆ. ಹೊತ್ತು ಹೊತ್ತಿಗೆ ಸೊಪ್ಪು ಕೊಯ್ದು ತಂದು ಹಾಕಬೇಕು, ಹಾಸಿಗೆ ತೆಗೆಯಬೇಕು, ಹಣ್ಣಾದ ಹುಳುಗಳನ್ನು ಆರಿಸಿ ತಡಮಾಡದೆ ಚಂದ್ರಿಕೆಗೆ ಬಿಡಬೇಕು. ಆಮೇಲೆ ಗೂಡು ಬಿಡಿಸಿ ರಾಮನಗರದ ಮಾರುಕಟ್ಟೆಗೆ ಸಾಗಿಸಬೇಕು. ಆ ವಾರ ಮನೆಯ ಪ್ರತಿ ಕೈಯೂ ಬೇಕು, ಪಿಎಚ್.ಡಿ. ಮಾಡುತ್ತಿರುವ ಮಗ ಅಥವಾ ಮಗಳ ಕೈಯೂ ಹೊರತಲ್ಲ. ವಿಭಾಗದ ಹಾಜರಿ ಪುಸ್ತಕದಲ್ಲಿ ಅದು ರಜೆಯಾಗಿ ದಾಖಲಾಗುತ್ತದೆ, ದೇಹಕ್ಕೆ ಮಾತ್ರ ಅದು ದುಡಿಮೆ. ವರ್ಷಕ್ಕೆ ಹಲವು ಬೆಳೆ ತೆಗೆಯುವ ಮನೆಯ ವಿದ್ಯಾರ್ಥಿಗೆ ಆ ಪುಸ್ತಕದ ರಜೆಯೆಲ್ಲ ಹುಳುಮನೆಯಲ್ಲೇ ಕರಗಿ, ನಿಜವಾದ ವಿಶ್ರಾಂತಿಗೆ ಒಂದು ದಿನವೂ ಉಳಿಯುವುದಿಲ್ಲ. ಹೆಣ್ಣುಮಕ್ಕಳ ವಿಷಯದಲ್ಲಿ ಇದರ ಮೇಲೆ ಅಡುಗೆ, ಹಿರಿಯರ ಆರೈಕೆಯೂ ಸೇರುತ್ತದೆ.

ಒತ್ತಡ ವ್ಯಕ್ತಿಯ ದೌರ್ಬಲ್ಯದಿಂದ ಬರುತ್ತದೆ ಎಂಬ ಭಾವನೆ ತಪ್ಪು. ಬೆಲ್ಜಿಯಂನ ಫ್ಲಾಂಡರ್ಸ್ ಪ್ರಾಂತದ 3,659 ಪಿಎಚ್.ಡಿ. ವಿದ್ಯಾರ್ಥಿಗಳ ಬಗ್ಗೆ 2017ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಶೇ. 32ರಷ್ಟು ಮಂದಿ ಖಿನ್ನತೆಯಂಥ ಮಾನಸಿಕ ಕಾಯಿಲೆಗೆ ತುತ್ತಾಗುವ ಅಪಾಯದಲ್ಲಿರುವುದು ಕಂಡುಬಂತು. ಕೆಲಸದ ಹೊರೆ, ಮನೆ ಮತ್ತು ಕೆಲಸದ ನಡುವಿನ ಎಳೆದಾಟ, ಮಾರ್ಗದರ್ಶಕರು ನಡೆದುಕೊಳ್ಳುವ ರೀತಿ, ಇವಕ್ಕೂ ಆ ಸ್ಥಿತಿಗೂ ಸಂಬಂಧ ಇದೆಯೆಂದು ಅದು ತೋರಿಸಿತು. ಇವೆಲ್ಲ ಸಂಸ್ಥೆಯ ವ್ಯವಸ್ಥೆಯಿಂದ ಬದಲಾಯಿಸಬಹುದಾದ ಸಂಗತಿಗಳು; ಈ ಮನವಿಯ ಬೇಡಿಕೆಗಳೂ ಅವನ್ನೇ ಕುರಿತವು.

ಮೊದಲ ಬೇಡಿಕೆ, ಶಿಷ್ಯವೇತನ ಇರಲಿ ಇಲ್ಲದಿರಲಿ, ಪೂರ್ಣಾವಧಿ ಮತ್ತು ಅರೆಕಾಲಿಕ ಸಂಶೋಧಕರೆಲ್ಲರಿಗೂ ವರ್ಷಕ್ಕೆ 30 ದಿನಗಳ ರಜೆಯನ್ನು ರಾಜ್ಯದ ಎಲ್ಲ ವಿಶ್ವವಿದ್ಯಾಲಯಗಳ ನಿಯಮಗಳಲ್ಲಿ ಸೇರಿಸಬೇಕು. ಅರ್ಜಿಗೆ ಕಾರಣ ಬರೆಯಬೇಕೆಂಬ ಒತ್ತಾಯ ಇರಬಾರದು. ಅರ್ಜಿ ಕೊಟ್ಟ 7 ಕೆಲಸದ ದಿನಗಳಲ್ಲಿ ಉತ್ತರ ಬರದಿದ್ದರೆ ಮಂಜೂರಾಯಿತೆಂದು ತಿಳಿಯಬೇಕು.

ಎರಡನೆಯದು ಈ ಮನವಿಯ ಮುಖ್ಯ ಬೇಡಿಕೆ. ದೈಹಿಕ ಅಥವಾ ಮಾನಸಿಕ ಅನಾರೋಗ್ಯ, ಹತ್ತಿರದವರ ಸಾವು ಅಥವಾ ದೀರ್ಘ ಶುಶ್ರೂಷೆಯ ಸಂದರ್ಭದಲ್ಲಿ ಒಂದು ಸೆಮಿಸ್ಟರ್‌ನಿಂದ ಎರಡು ಸೆಮಿಸ್ಟರ್‌ವರೆಗೆ ಆರೋಗ್ಯ ವಿರಾಮ ಸಿಗಬೇಕು, ಆ ಕಾಲವನ್ನು ಗರಿಷ್ಠ ಅವಧಿಯ ಲೆಕ್ಕದಿಂದ ಹೊರಗಿಡಬೇಕು. ಕಾಲಮಿತಿ ಯುಜಿಸಿಯದಾದ್ದರಿಂದ ಇದಕ್ಕೆ ತಿದ್ದುಪಡಿ ಬೇಕಾಗುತ್ತದೆ. ಪರಿಷತ್ತು ಆ ಶಿಫಾರಸನ್ನು ಯುಜಿಸಿಗೆ ಕಳಿಸಬೇಕು. ತಿದ್ದುಪಡಿ ಬರುವವರೆಗೆ ಕಾಯುತ್ತ ಕೂರಬೇಕಾಗಿಲ್ಲ. ವಿಶ್ವವಿದ್ಯಾಲಯಗಳು ಈಗಲೇ ಮಾಡಬಹುದಾದ ಕೆಲಸವೂ ಇದೆ: ವಿರಾಮದ ಕಾಲದ ಶುಲ್ಕ ಬಿಡುವುದು, ಅನಾರೋಗ್ಯದಿಂದ ತಡವಾದವರಿಗೆ ಮರುನೋಂದಣಿ ಶುಲ್ಕ ಮನ್ನಾ ಮಾಡುವುದು. ಸಂಶೋಧನಾ ಸಲಹಾ ಸಮಿತಿಯ ಮುಂದೆ ಪ್ರತಿ ಸೆಮಿಸ್ಟರ್ ಪ್ರಗತಿ ಮಂಡಿಸಬೇಕೆಂಬ ನಿಯಮವಿದೆ. ಪ್ರಗತಿ ತೃಪ್ತಿಕರವಲ್ಲವೆಂದು ಸಮಿತಿ ಕಂಡು, ಸೂಚಿಸಿದ ತಿದ್ದುಪಡಿಗಳೂ ಆಗದಿದ್ದರೆ ನೋಂದಣಿ ರದ್ದತಿಗೂ ಶಿಫಾರಸು ಮಾಡಬಹುದು. ವಿರಾಮದಲ್ಲಿರುವವರನ್ನು ಆ ಸೆಮಿಸ್ಟರ್‌ನ ಮಂಡನೆಯಿಂದ ಬಿಡದೆ ಹೋದರೆ ವಿರಾಮ ಕೊಟ್ಟೂ ಕೊಡದಂತೆಯೇ.

ವೈದ್ಯಕೀಯ ಪ್ರಮಾಣಪತ್ರಕ್ಕಾಗಿ ಯಾರೂ ಬೆಂಗಳೂರಿಗೆ ಅಲೆಯುವಂತಾಗಬಾರದು. ತಾಲ್ಲೂಕು ಆಸ್ಪತ್ರೆಯ ವೈದ್ಯರು ಅಥವಾ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮದ ಮನೋವೈದ್ಯರು ಕೊಟ್ಟ ಪತ್ರವನ್ನೇ ಒಪ್ಪಬೇಕು. ಕಾಯಿಲೆಯ ಹೆಸರು ಅದರಲ್ಲಿ ಇರಬೇಕಾಗಿಲ್ಲ. ಎಷ್ಟು ಕಾಲ ವಿಶ್ರಾಂತಿ ಬೇಕೆಂಬುದಷ್ಟೇ ಸಾಕು. ಚಿಕಿತ್ಸೆಯ ವಿವರ ಗೋಪ್ಯವಾಗಿರುವ ಹಕ್ಕನ್ನು 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯೇ ಕೊಟ್ಟಿದೆ. ಊರಿನಲ್ಲಿ ಎಲ್ಲರೂ ಎಲ್ಲರಿಗೂ ಗೊತ್ತಿರುವಾಗ ಈ ಗೋಪ್ಯತೆ ಇಲ್ಲದೆ ಯಾರೂ ಅರ್ಜಿ ಹಾಕಲಾರರು.

ಕ್ಷೇತ್ರಕಾರ್ಯದ ದಿನಗಳನ್ನು ಕರ್ತವ್ಯದ ದಿನಗಳೆಂದು ಎಣಿಸಬೇಕು. ರಾಮದೇವರ ಬೆಟ್ಟದಲ್ಲಿ ರಣಹದ್ದುಗಳ ಗೂಡು ನೋಡುವವರು, ಜಾನಪದ ಲೋಕದ ಸಂಗ್ರಹದಲ್ಲಿ ಕೆಲಸ ಮಾಡುವವರು, ಚನ್ನಪಟ್ಟಣದ ಗೊಂಬೆ ಕುಶಲಕರ್ಮಿಗಳ ಮಾತು ದಾಖಲಿಸುವವರು ವಿಭಾಗದಲ್ಲಿ ಇಲ್ಲವೆಂದ ಮಾತ್ರಕ್ಕೆ ರಜೆಯಲ್ಲಿದ್ದಾರೆ ಎಂದಾಗುವುದಿಲ್ಲ.

ಆಪ್ತ ಸಮಾಲೋಚನೆಯ ವಿಷಯದಲ್ಲಿ ಸುಪ್ರೀಂ ಕೋರ್ಟ್ 2025ರ ಜುಲೈನಲ್ಲಿ ನಿರ್ದೇಶನ ಕೊಟ್ಟಾಗಿದೆ: 100 ಅಥವಾ ಅದಕ್ಕಿಂತ ಹೆಚ್ಚು ವಿದ್ಯಾರ್ಥಿಗಳಿರುವ ಸಂಸ್ಥೆಯಲ್ಲಿ ಕನಿಷ್ಠ ಒಬ್ಬ ಅರ್ಹ ಸಮಾಲೋಚಕರಿರಬೇಕು, ಸಣ್ಣ ಸಂಸ್ಥೆಗಳು ಹೊರಗಿನ ತಜ್ಞರೊಂದಿಗೆ ಸಂಪರ್ಕ ಏರ್ಪಡಿಸಿಕೊಳ್ಳಬೇಕು. ಈ ತಾಲ್ಲೂಕುಗಳ ಸಂಶೋಧನಾ ಕೇಂದ್ರಗಳಲ್ಲಿ ಇದು ಜಾರಿಯಾಗಿದೆಯೇ ಎಂದು ಪರಿಷತ್ತು ವರದಿ ತರಿಸಿಕೊಳ್ಳಬೇಕು. ನಿಮ್ಹಾನ್ಸ್ ಬೆಂಬಲದಲ್ಲಿ ನಡೆಯುವ ಟೆಲಿ ಮಾನಸ್ ಸಹಾಯವಾಣಿಯ 14416 ಸಂಖ್ಯೆಯನ್ನು ಪ್ರವೇಶ ಪತ್ರದಲ್ಲೇ ಮುದ್ರಿಸಬೇಕು.

ಮುಂದಿನ ಪಿಎಚ್.ಡಿ. ಪ್ರವೇಶ ಪ್ರಕಟಣೆಗೆ ಮೊದಲೇ ಎಲ್ಲ ವಿಶ್ವವಿದ್ಯಾಲಯಗಳಿಗೆ ಈ ಬಗ್ಗೆ ಸುತ್ತೋಲೆ ಹೋಗಬೇಕು. ಮಾದರಿ ನಿಯಮದ ಕರಡು ಸಿದ್ಧಪಡಿಸುವ ಸಮಿತಿಯಲ್ಲಿ ಅರೆಕಾಲಿಕ ಸಂಶೋಧಕರೊಬ್ಬರಿಗೂ ಗ್ರಾಮೀಣ ತಾಲ್ಲೂಕಿನ ಮಹಿಳಾ ಸಂಶೋಧಕರೊಬ್ಬರಿಗೂ ಸ್ಥಾನ ಕೊಡಬೇಕೆಂದು ಕೋರಲಾಗಿದೆ.

ಪ್ರತಿ: ಬೆಂಗಳೂರು ದಕ್ಷಿಣ ಜಿಲ್ಲಾಧಿಕಾರಿಗಳು, ರಾಮನಗರ, ಜಿಲ್ಲಾ ಆರೋಗ್ಯ ಮತ್ತು ಕುಟುಂಬ ಕಲ್ಯಾಣಾಧಿಕಾರಿಗಳು, ರಾಮನಗರ