ಕಾಟಾ ಹಿಡಿದವರು ಯಾರ ಕಡೆಯವರು?

ಕಂಪ್ಲಿಯ ರೈತ ಭತ್ತದ ಚೀಲವನ್ನು ಕಾಟಾಕ್ಕೆ ಏರಿಸುವ ಮೊದಲು ಒಂದು ಮಾತು ವಿಚಾರಿಸುತ್ತಾನೆ: ತೂಗುವವನು ಯಾರ ಕಡೆಯವನು? ಮಿಲ್ಲಿನವನೋ, ದಲ್ಲಾಳಿಯ ಆಳೋ, ಸೊಸೈಟಿಯವನೋ? ಕೇಳಿದ್ದಕ್ಕೆ ಯಾರೂ ಮುನಿಸಿಕೊಳ್ಳುವುದಿಲ್ಲ. ಮಿಲ್ಲಿನ ಆಳು ನ್ಯಾಯವಾಗಿಯೇ ತೂಗಬಹುದು. ಆದರೆ ಯಾರ ಆಳು ಎಂದು ಗೊತ್ತಿದ್ದರೆ ರೈತ ಎಲ್ಲಿ ಕಣ್ಣಿಟ್ಟು ನಿಲ್ಲಬೇಕೋ ಅಲ್ಲಿ ನಿಲ್ಲುತ್ತಾನೆ.

ಹೊಸಪೇಟೆ, ಹಂಪಿ, ಸಂಡೂರು, ಕಂಪ್ಲಿಯ ಬಂಧುಗಳೇ, ನಮ್ಮ ಗುಡ್ಡಕ್ಕೆ, ಅದಿರಿಗೆ, ನೀರಿಗೆ ಬೆಲೆ ಕಟ್ಟಲು ಬರುವ ತಜ್ಞರನ್ನೂ ಹೀಗೆಯೇ ವಿಚಾರಿಸೋಣ ಎಂದು ಕೈಮುಗಿದು ಕೇಳಿಕೊಳ್ಳುತ್ತಿದ್ದೇನೆ. ಹೆಸರಿನ ಹಿಂದೆ ಡಾಕ್ಟರ್ ಎಂದಿದ್ದರೆ ಸಾಕು, ನಾವು ಸುಮ್ಮನಾಗಿಬಿಡುತ್ತೇವೆ. ಅವರು ಇಷ್ಟು ವರ್ಷ ಎಲ್ಲಿ ದುಡಿದರು, ಈ ವರದಿ ಬರೆಯಲು ಹಣ ಕೊಟ್ಟವರು ಯಾರು ಎಂದು ಕೇಳುವುದು ಅಗೌರವವಲ್ಲ.

ಕಸುಬಿನ ಅನುಭವಕ್ಕೆ ಎಷ್ಟು ಬೆಲೆಯಿದೆ ಎಂಬುದನ್ನು ನಾವು ಕಣ್ಣಾರೆ ಕಂಡಿದ್ದೇವೆ. ಲಾರಿಗಳು ಹಗಲಿರುಳು ಸಂಡೂರಿನ ಗುಡ್ಡ ಇಳಿಯುತ್ತಿದ್ದ ಆ ಕೆಂಪು ಧೂಳಿನ ವರ್ಷಗಳನ್ನು ಯಾರು ಮರೆತಾರು? 2011ರ ಜುಲೈನಲ್ಲಿ ಲೋಕಾಯುಕ್ತ ನ್ಯಾಯಮೂರ್ತಿ ಸಂತೋಷ್ ಹೆಗ್ಡೆ ಅವರ ವರದಿ ಬಂತು. ಅದರ ಹಿಂದಿನ ತನಿಖಾ ತಂಡದ ಮುಂಚೂಣಿಯಲ್ಲಿದ್ದವರು ಯು.ವಿ. ಸಿಂಗ್, ಅರಣ್ಯ ಸೇವೆಯ ಅಧಿಕಾರಿ. ಗಡಿಕಲ್ಲು, ನಕ್ಷೆ, ಸಾಗಣೆ ಪರ್ಮಿಟ್ಟು ಓದಿ ಪಳಗಿದ ಕಣ್ಣು ಅವರದು. ಬರೀ ಲೆಕ್ಕದ ಪುಸ್ತಕ ಬಲ್ಲವರಿಗೆ ಕಾಡಿನ ಗಡಿ ಸರಿದದ್ದು ಕಾಣುತ್ತಿತ್ತೆ? ಅದೇ ತಿಂಗಳ 29ರಂದು ಸುಪ್ರೀಂ ಕೋರ್ಟ್ ಬಳ್ಳಾರಿ ಜಿಲ್ಲೆಯ ಗಣಿಗಾರಿಕೆಯನ್ನು ನಿಲ್ಲಿಸಿತು.

ಆಮೇಲೆ ಎದ್ದದ್ದು ಅಪ್ಪಟ ಪೈಪೋಟಿಯ ಪ್ರಶ್ನೆ. ಅದಿರನ್ನು ಇ-ಹರಾಜಿನಲ್ಲೇ ಮಾರಬೇಕು, ಹೊರದೇಶಕ್ಕೆ ಕಳಿಸುವಂತಿಲ್ಲ ಎಂದಾಯಿತು. ಕೊಳ್ಳುವವರು ಕೆಲವೇ ಮಂದಿ, ಸರಿಯಾದ ಬೆಲೆ ಹುಟ್ಟುತ್ತಿಲ್ಲ ಎಂದರು ಗಣಿಯವರು. ಕಟ್ಟು ಸಡಿಲಿಸಿದರೆ ಇಲ್ಲಿನ ಕಾರ್ಖಾನೆಗಳಿಗೇ ಅದಿರು ಸಾಲದು ಎಂದರು ಉಕ್ಕಿನವರು. 2022ರ ಮೇ 20ರಂದು ಕೋರ್ಟು ಆ ಕಟ್ಟನ್ನು ಸಡಿಲಿಸಿತು. ಅದೇ ವರ್ಷ ಬಳ್ಳಾರಿಯಲ್ಲಿ ಅದಿರು ತೆಗೆಯುವ ವಾರ್ಷಿಕ ಮಿತಿ 2.8 ಕೋಟಿ ಟನ್ನಿನಿಂದ 3.5 ಕೋಟಿಗೆ ಏರಿತು. ಎರಡೂ ಕಡೆಯವರು ಸುಳ್ಳು ಹೇಳಿದರು ಎನ್ನಲಾರೆ. ಗಣಿಯ ಬಾಯಲ್ಲಿ ನಿಂತವರಿಗೆ ಕಾಣುವ ಅಂಕಿ ಒಂದು, ಕುಲುಮೆಯ ಬಳಿ ನಿಂತವರಿಗೆ ಕಾಣುವುದು ಇನ್ನೊಂದು. ಲಾರಿ ಹಾದುಹೋಗುವ ರಸ್ತೆಯ ಪಕ್ಕ ಹತ್ತಿ, ಮೆಣಸಿನಕಾಯಿ ಬೆಳೆಯುವವರ ಪರವಾಗಿ ಲೆಕ್ಕ ಹಾಕಿದ ಅರ್ಥಶಾಸ್ತ್ರಜ್ಞರು ಎಷ್ಟು ಜನ? ನನ್ನನ್ನು ಕಾಡುವುದು ಇದು.

ಗಣಿಯ ನಂಟಿದ್ದವರ ಮಾತು ಬೇಡ ಎನ್ನುತ್ತಿಲ್ಲ. ಸಂಡೂರಿನ ಎಂ.ವೈ. ಘೋರ್ಪಡೆ ಕೇಂಬ್ರಿಡ್ಜಿನಲ್ಲಿ ಅರ್ಥಶಾಸ್ತ್ರ ಓದಿದವರು, ದೇವರಾಜ ಅರಸು ಅವರ ಸರ್ಕಾರದಲ್ಲಿ ಹಣಕಾಸು ಸಚಿವರು. ಅವರ ಮನೆತನದ್ದು ಗಣಿ ಉದ್ಯಮ ಎಂಬುದು ಊರಿಗೆಲ್ಲ ಗೊತ್ತಿತ್ತು. ಗೊತ್ತಿದ್ದದ್ದರಿಂದಲೇ ಅವರ ಮಾತನ್ನು ಒಪ್ಪುವವರು ತಿಳಿದು ಒಪ್ಪಬಹುದಿತ್ತು, ಒಪ್ಪದವರು ತಿಳಿದು ಎದುರಾಡಬಹುದಿತ್ತು.

ಹೀಗೆ ಅನುಭವವನ್ನೂ ನಂಟನ್ನೂ ವಿಚಾರಿಸುವುದಕ್ಕೆ ದೇಶದ ಮಟ್ಟದಲ್ಲಿ ಕಾನೂನೇ ಇದೆ. ಕಂಪನಿಗಳು ಒಳಗೊಳಗೇ ಕೂಡಿಕೊಂಡು ಬೆಲೆ ಏರಿಸದಂತೆ ಕಾಯುವ ಭಾರತೀಯ ಸ್ಪರ್ಧಾ ಆಯೋಗದ ಸದಸ್ಯರಾಗಲು ಅರ್ಥಶಾಸ್ತ್ರ, ಕಾನೂನು, ವಾಣಿಜ್ಯದಂಥ ಕ್ಷೇತ್ರಗಳಲ್ಲಿ ಕನಿಷ್ಠ 15 ವರ್ಷದ ಅನುಭವ ಬೇಕು ಎನ್ನುತ್ತದೆ 2002ರ ಕಾಯ್ದೆ. ಹುದ್ದೆ ಬಿಟ್ಟ ಮೇಲೆ, ಆಯೋಗದ ಮುಂದೆ ಬಂದಿದ್ದ ಕಂಪನಿಗಳಲ್ಲಿ ಎರಡು ವರ್ಷ ಕೆಲಸಕ್ಕೆ ಸೇರುವಂತಿಲ್ಲ. ಒಳ್ಳೆಯ ಕಟ್ಟುಪಾಡು. ಹಾಗಿದ್ದೂ 2009ರಿಂದ ಅಧ್ಯಕ್ಷರಾಗಿ ನೇಮಕಗೊಂಡವರೆಲ್ಲ ಐಎಎಸ್‌ನಿಂದ ಬಂದವರೇ. ಅವರು ಅಸಮರ್ಥರೆಂದಲ್ಲ. ಮಾರುಕಟ್ಟೆಯಲ್ಲಿ ಬೆವರು ಹರಿಸಿದವರ ಕಣ್ಣೂ ಆ ಕುರ್ಚಿಗೆ ಒಮ್ಮೆ ಸಿಗಲಿ ಎಂಬ ಆಸೆ.

ದೆಹಲಿ ದೂರ, ಇರಲಿ. ನಮ್ಮ ಕೈಗೆಟುಕುವುದು ಪರಿಸರ ಸಾರ್ವಜನಿಕ ಆಲಿಕೆ. ಗಣಿ ಅಥವಾ ಕಾರ್ಖಾನೆಗಾಗಿ ಶಾಮಿಯಾನ ಹಾಕಿ ನಡೆಸುವ ಆ ಸಭೆಗೆ ಮೊದಲು 30 ದಿನ ಪರಿಸರ ಪರಿಣಾಮ ವರದಿಯ ಪ್ರತಿ ಜಿಲ್ಲಾಧಿಕಾರಿ ಕಚೇರಿಯಲ್ಲಿ, ಪಂಚಾಯಿತಿಯಲ್ಲಿ ಓದಲು ಸಿಗಬೇಕು. 2006ರ ಪರಿಸರ ಪರಿಣಾಮ ಅಧಿಸೂಚನೆಯ ಪ್ರಕಾರ ಆ ವರದಿಯ 8ನೆಯ ಅಧ್ಯಾಯ ಯೋಜನೆಯಿಂದಾಗುವ ಲಾಭ: ಎಷ್ಟು ಉದ್ಯೋಗ, ಊರಿಗೆ ಏನು ಅನುಕೂಲ. ಅದನ್ನು ಓದಿ ನಾವು ಹಿಗ್ಗುತ್ತೇವೆ, ಇಲ್ಲವೆ ಸಿಟ್ಟಾಗುತ್ತೇವೆ. ಕೊನೆಯ 12ನೆಯ ಅಧ್ಯಾಯವನ್ನು ಯಾರೂ ತೆರೆಯುವುದಿಲ್ಲ. ವರದಿ ಬರೆದ ಸಲಹೆಗಾರರ ಹೆಸರು, ಅವರ ಹಿನ್ನೆಲೆ, ಮಾಡಿದ ಕೆಲಸ ಇರಬೇಕಾದದ್ದು ಅಲ್ಲಿ. ಅವರಿಗೆ ಸಂಬಳ ಕೊಡುವವರು ಯೋಜನೆಯ ಒಡೆಯರೇ ಎಂಬುದನ್ನೂ ನೆನಪಿಡಿ.

ಕನ್ನಡದಲ್ಲಿ ನಮಗೆ ಸಿಗುವುದು ವರದಿಯ ಸಾರಾಂಶ ಮಾತ್ರ. 12ನೆಯ ಅಧ್ಯಾಯವೂ ಕನ್ನಡದಲ್ಲಿ ಬೇಕು ಎಂದು ಗ್ರಾಮಸಭೆಗಳಲ್ಲಿ ಠರಾವು ಮಾಡೋಣ. ಹೊಸಪೇಟೆಯ ವಕೀಲರೇ, ಸಂಡೂರಿನ ಮೇಷ್ಟ್ರುಗಳೇ, ಹಂಪಿಯ ಕನ್ನಡ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳೇ, ಓದಲು ಬಾರದ ಅಕ್ಕಂದಿರಿಗೆ, ಅಜ್ಜಂದಿರಿಗೆ ಆ ಪುಟಗಳನ್ನು ಓದಿ ಹೇಳಿ. ಆಲಿಕೆಯ ಕೊನೆಗೆ ನಡಾವಳಿಯನ್ನು ಕನ್ನಡದಲ್ಲಿ ಓದಿ ಹೇಳಬೇಕೆಂಬ ನಿಯಮವಿದೆ. ನಿಮ್ಮ ಪ್ರಶ್ನೆ ಅದರಲ್ಲಿ ಸೇರುವವರೆಗೆ ಜಾಗ ಬಿಟ್ಟು ಏಳಬೇಡಿ. ಮುಂದಿನ ಆಲಿಕೆಗೆ ಬರುವಾಗ ಆ ಅಧ್ಯಾಯದ ಜೆರಾಕ್ಸ್ ಜೊತೆಗಿರಲಿ. ನಾನೂ ಒಂದು ತಂದಿರುತ್ತೇನೆ.