ಕಾವಲು ಬಂಜರಲ್ಲ

ಕರ್ಣಾಟಕದ ಸೃಷ್ಟಿಸೌಂದರ್ಯವನ್ನು ವರ್ಣಿಸತೊಡಗಿದವರೆಲ್ಲರೂ ಜೋಗಕ್ಕೋ ಆಗುಂಬೆಗೋ ಓಡುವರು. ನನ್ನಿವಾಳದ ಕಡೆಗೆ ಯಾರೂ ತಿರುಗಿ ನೋಡರು. ನಾಡಿನ ಅತ್ಯಲ್ಪ ಮಳೆಯ ತಾಲ್ಲೂಕುಗಳಲ್ಲಿ ಚಳ್ಳಕೆರೆ, ಮೊಳಕಾಲ್ಮೂರುಗಳು ಸೇರಿರುವುದು ದಿಟ. ಆದರೆ ನಾಲ್ಕು ಹನಿ ಬಿದ್ದೊಡನೆ ಚಿಗುರುವ ಹುಲ್ಲು, ಅದರ ನಡುವೆ ನೆಗೆಯುವ ಕೃಷ್ಣಮೃಗ, ಮ್ಯಾಸನಾಯಕರ ದೇವರ ಎತ್ತುಗಳನ್ನು ಕಾಯುವ ಕಿಲಾರಿಯ ಕೂಗೊಂದನ್ನುಳಿದು ಮತ್ತೇನೂ ಕೇಳಿಸದ ಪ್ರಶಾಂತತೆ, ಇವನ್ನು ಕಂಡವರು ಈ ನೆಲವನ್ನು ಬಂಜರೆಂದು ಕರೆಯಲಾರರು.

ಹಾಗೆ ಕಾಣುವ ಕಣ್ಣುಗಳ ಫಲವನ್ನು ಇದೇ ತಾಲ್ಲೂಕಿನ ದೊಡ್ಡ ಉಳ್ಳಾರ್ತಿ, ಕುದಾಪುರಗಳ ಜನರು ಉಂಡಿದ್ದಾರೆ. ಮೈಸೂರರಸರ ಬೆಣ್ಣೆ ಚಾವಡಿಯಾಗಿ ಮೊದಲಾಗಿ, ಟಿಪ್ಪುವಿನಿಂದ ಅಮೃತಮಹಲೆಂಬ ಹೆಸರನ್ನು ಪಡೆದ ಗೋಸಂಪತ್ತಿನ ಕಾವಲುಗಳಲ್ಲಿ ಸುಮಾರು 10,000 ಎಕರೆ 2010ರ ಆಸುಪಾಸಿನಲ್ಲಿ ರಕ್ಷಣಾ, ಅಣುಶಕ್ತಿ, ಬಾಹ್ಯಾಕಾಶ ಮೊದಲಾದ ಸಂಸ್ಥೆಗಳಿಗೆ ಸಂದಿತು. ಭಾರತೀಯ ವಿಜ್ಞಾನ ಸಂಸ್ಥೆಯೊಂದಕ್ಕೇ 1,500 ಎಕರೆ. ಕುರಿಗಾಹಿಗಳಲ್ಲಿ ಹಲವರಿಗೆ ಗೋಡೆಯೆದ್ದ ಮೇಲೆಯೇ ಸಂಗತಿ ತಿಳಿಯಿತು. ವ್ಯಾಜ್ಯವು ಹಸಿರು ನ್ಯಾಯಾಧಿಕರಣದ ಮೆಟ್ಟಿಲೇರಿ 2014ರಲ್ಲಿ ತೀರ್ಪೂ ಆಯಿತು. ಯೋಜನೆಗಳು ನಿಲ್ಲಲಿಲ್ಲ.

ವಿಜ್ಞಾನಕ್ಕೆ ನಾವು ವಿರೋಧಿಗಳಲ್ಲ; ರಾಷ್ಟ್ರರಕ್ಷಣೆಗಂತೂ ಅಲ್ಲವೇ ಅಲ್ಲ. ಆದರೆ ರಾಷ್ಟ್ರದ ಹೆಸರಿನಲ್ಲಿ ನೆಲವನ್ನು ಬೇಡುವವರು, ತಲೆಮಾರುಗಳಿಂದ ಅಲ್ಲಿ ದನಕುರಿ ಮೇಯಿಸಿದವನನ್ನು ಮೊದಲು ಕೇಳತಕ್ಕದ್ದು. ಅವನೂ ರಾಷ್ಟ್ರದೊಳಗಿನವನೇ.

ಉಪಾಧ್ಯಾಯ ಮಹಾಶಯರಲ್ಲಿ ನಮ್ಮದೊಂದು ವಿಜ್ಞಾಪನೆ. ಉಳಿದಿರುವ ಕಾವಲಿಗೆ ಮಕ್ಕಳನ್ನೊಮ್ಮೆ ಕರೆದೊಯ್ಯಿರಿ. ಹುಲ್ಲುಗಳ ಹೆಸರನ್ನು ಕುರಿಗಾಹಿಯ ಬಾಯಿಂದಲೇ ಕೇಳಿ ಬರೆದುಕೊಳ್ಳಲಿ. ಜೊತೆಗೆ, ವಕೀಲರ ಚಾಳಿಯೆಂದು ನಕ್ಕರೂ ಚಿಂತೆಯಿಲ್ಲ, ಆ ನೆಲದ ಸರ್ವೆ ನಂಬರನ್ನೂ ಬರೆದಿಟ್ಟುಕೊಳ್ಳಲಿ.