ಹಾಲಿನ ಲೆಕ್ಕ ಬೇರೆ, ಮತದ ಲೆಕ್ಕ ಬೇರೆ

ಮೊದಲೇ ತಪ್ಪೊಪ್ಪಿಕೊಂಡುಬಿಡುತ್ತೇನೆ. ಗುಜರಾತಿನಲ್ಲಿರುವ ನಮ್ಮ ಪುಟ್ಟ ಕನ್ನಡ ಕಥಾ ಬಳಗದಲ್ಲಿ ಸದಸ್ಯರಿಗೆ ಅಂಕ ಹಾಕಿ, ದರ್ಜೆ ಕಟ್ಟಿ, ದರ್ಜೆಗೆ ತಕ್ಕಂತೆ ಮತಕ್ಕೆ ತೂಕ ಕೊಡುವ ಪದ್ಧತಿಯನ್ನು ರೂಪಿಸಿದವನು ನಾನೇ. ಈ ಲೇಖನ ಆ ಪದ್ಧತಿಯ ವಿರುದ್ಧ.

ಮೂರು ವರ್ಷದ ಹಿಂದಿನ ಮಾತು. ಸೂರತ್, ಅಂಕಲೇಶ್ವರ, ವಡೋದರಾ, ಅಹಮದಾಬಾದುಗಳಲ್ಲಿ ಚದುರಿಹೋದ ನಾವೆಲ್ಲ ಆನ್‌ಲೈನಿನಲ್ಲಿ ಕಥೆ ಹಂಚಿಕೊಳ್ಳುತ್ತಿದ್ದೆವು. ಹಾಕುವವರು ಕೆಲವರು, ಓದಿ ಸುಮ್ಮನಿರುವವರು ಹಲವರು. "ಜನ ಸಕ್ರಿಯರಾಗಲಿ, ಏನಾದರೂ ಮಾಡ್ರಪ್ಪಾ" ಎಂದರು ಹಿರಿಯರು. ಪ್ರಾಜೆಕ್ಟ್ ಮ್ಯಾನೇಜರನ ಮುಂದೆ ಇಂಥ ಮಾತಾಡಬಾರದು. ಎರಡು ದಿನದಲ್ಲಿ ಎಕ್ಸೆಲ್ ಶೀಟು ತಯಾರಾಯಿತು. ಕಥೆ ಹಾಕಿದರೆ ಇಪ್ಪತ್ತು ಅಂಕ, ಪ್ರತಿಕ್ರಿಯೆ ಬರೆದರೆ ಎರಡು, ದಿನಕ್ಕೊಮ್ಮೆ ಬಂದುಹೋದರೆ ಒಂದು. ಅಂಕ ಕೂಡುತ್ತ ಹೋದಂತೆ ಸದಸ್ಯರು ಮೊಗ್ಗಿನಿಂದ ಹೂವು, ಹೂವಿನಿಂದ ಕಾಯಿ, ಕಾಯಿಂದ ಹಣ್ಣು. ವರ್ಷದ ಕೊನೆಗೆ ಸಂಕಲನಕ್ಕೆ ಹತ್ತು ಕಥೆ ಆರಿಸುವಾಗ ಮೊಗ್ಗಿನ ಮತಕ್ಕೆ ಒಂದು, ಹೂವಿಗೆ ಎರಡು, ಕಾಯಿಗೆ ಮೂರು, ಹಣ್ಣಿಗೆ ಐದು. ಎಲ್ಲರೂ ಚಪ್ಪಾಳೆ ತಟ್ಟಿದರು. ನಾನೂ ಬೀಗಿದೆ.

ಹೋದ ವರ್ಷ ಹತ್ತನೆಯ ಸ್ಥಾನಕ್ಕೆ ಎರಡು ಕಥೆಗಳು ಉಳಿದವು. ಒಂದಕ್ಕೆ ಮತ ಹಾಕಿದವರು ಮೂವತ್ತೊಂದು ಜನ: ಇಪ್ಪತ್ತೇಳು ಮೊಗ್ಗು, ನಾಲ್ಕು ಹೂವು. ಒಟ್ಟು ಮೂವತ್ತೈದು. ಇನ್ನೊಂದಕ್ಕೆ ಮತ ಹಾಕಿದವರು ಹದಿನಾಲ್ಕೇ ಜನ: ಒಂಬತ್ತು ಹಣ್ಣು, ಐದು ಹೂವು. ಒಟ್ಟು ಐವತ್ತೈದು. ಹದಿನಾಲ್ಕು ಜನರ ಕಥೆ ಗೆದ್ದಿತು, ಮೂವತ್ತೊಂದು ಜನರದು ಸೋತಿತು.

ಗೆದ್ದ ಕಥೆ ನನ್ನದು.

ಸೋತ ಕಥೆ ಬರೆದವರು ಬನಹಟ್ಟಿ ಕಡೆಯವರು. ಪಾಂಡೇಸರಾದ ಒಂದು ಡೈಯಿಂಗ್ ಮಿಲ್ಲಿನಲ್ಲಿ ಹನ್ನೆರಡು ತಾಸಿನ ಪಾಳಿ. ಊರಲ್ಲಿ ಮಗ್ಗ ನಿಂತ ಮೇಲೆ ಬಂದವರು. ಬಣ್ಣದ ನೀರಿನ ಹಬೆಯಲ್ಲಿ ರಾತ್ರಿಯೆಲ್ಲ ನಿಂತು, ಬೆಳಿಗ್ಗೆ ರೂಮಿಗೆ ಬಂದು, ಮಲಗುವ ಮುನ್ನ ಮೊಬೈಲಿನಲ್ಲಿ ನಾಲ್ಕು ಸಾಲು ಬರೆದು, ಹಾಗೆಯೇ ಮೂರು ತಿಂಗಳಲ್ಲಿ ಒಂದು ಕಥೆ ಮುಗಿಸಿದ್ದರು. ಫಲಿತಾಂಶ ಬಂದ ಸಂಜೆ ಫೋನು ಮಾಡಿದರು. ಜಗಳಕ್ಕಲ್ಲ, ತಿಳಿದುಕೊಳ್ಳಲಿಕ್ಕೆ.

"ಸರ್, ನಮ್ಮ ಮನಿಯಾಕೀನೂ ವೋಟ್ ಹಾಕ್ಯಾಳ. ಆಕಿ ವೋಟಿಗೆ ಬೆಲಿ ಎಷ್ಟ್ರೀ?"

"ಒಂದು."

"ನಿಮ್ಮದಕ್ಕ?"

ನಾನು ಆಫೀಸಿನ ದನಿಯಲ್ಲಿ ದರ್ಜೆಗಳನ್ನು ವಿವರಿಸಿದೆ. ಅವರು ಪೂರ್ತಿ ಕೇಳಿಸಿಕೊಂಡರು. "ಹಂಗಾರ ನೀವೊಬ್ಬರ ಐದು ಮಂದಿ ಆದಂಗಾತಲ್ರೀ ಸರ್" ಎಂದರು. ನಗುತ್ತಲೇ ಅಂದರು. ಆಮೇಲೆ ಅವರು ಬಳಗದಲ್ಲಿ ಏನನ್ನೂ ಹಾಕಿಲ್ಲ. ಅವರ ಮನೆಯವರೂ ಇತ್ತ ಸುಳಿದಿಲ್ಲ.

ಈಗ ವಾರ್ಷಿಕ ಸಭೆ ಹತ್ತಿರ ಬಂದಿದೆ. ಅಲ್ಲಿ ಇನ್ನೊಂದು ಪ್ರಸ್ತಾವ ಬರಲಿದೆ: ಹಣ್ಣಿನ ಮತಕ್ಕೆ ಐದರ ಬದಲು ಹತ್ತು ಕೊಡಬೇಕು, "ದುಡಿದವರಿಗೆ ಹೆಚ್ಚು ಮಾತು ಇರಬೇಕು" ಎಂದು. ಕೇಳಲಿಕ್ಕೆ ನ್ಯಾಯವಾಗಿಯೇ ಇದೆ. ಆದರೆ ಅದು ನ್ಯಾಯವಲ್ಲ. ಯಾಕೆಂದು ಹೇಳುತ್ತೇನೆ.

ನನ್ನ ಅಂಕಗಳು ಅಳೆದದ್ದು ದುಡಿಮೆಯನ್ನಲ್ಲ, ಬಿಡುವನ್ನು. ನನ್ನ ಕೆಲಸದ ಮೇಜಿನ ಮೇಲೆ ಎರಡು ಪರದೆಗಳಿವೆ. ಒಂದರಲ್ಲಿ ಮೀಟಿಂಗು ನಡೆಯುತ್ತಿರುವಾಗ ಇನ್ನೊಂದರಲ್ಲಿ "ಚೆಂದ ಇದೆ" ಎಂದು ನಾಲ್ಕು ಕಡೆ ಬರೆದರೆ ಎಂಟು ಅಂಕ. ಜೆಟ್ ಮಶೀನಿನ ಮುಂದೆ ನಿಂತವರಿಗೆ ಆ ಸೌಲಭ್ಯವಿಲ್ಲ. ನಮ್ಮಲ್ಲೊಬ್ಬರು ಒಂದೇ ಸಂಜೆ ನಲವತ್ತು ಕಥೆಗಳ ಕೆಳಗೆ "ಸೂಪರ್" ಎಂದು ಬರೆದು ಎಂಬತ್ತು ಅಂಕ ಗಳಿಸಿ ಹೂವಿನಿಂದ ಕಾಯಾದರು. ಅವರನ್ನು ಬೈಯುವುದು ತಪ್ಪು. ಅಳತೆಗೋಲನ್ನೇ ಗುರಿ ಮಾಡಿಟ್ಟರೆ ಜನ ಅಳತೆಗೋಲಿಗೇ ದುಡಿಯುತ್ತಾರೆ. ಬ್ರಿಟಿಷ್ ಅರ್ಥಶಾಸ್ತ್ರಜ್ಞ ಚಾರ್ಲ್ಸ್ ಗುಡ್‌ಹಾರ್ಟ್ 1975ರಲ್ಲೇ ಹಣಕಾಸು ನೀತಿಯ ಸಂದರ್ಭದಲ್ಲಿ ಇದೇ ಎಚ್ಚರಿಕೆ ಕೊಟ್ಟಿದ್ದರು. ಐಟಿಯಲ್ಲಿ ತಂಡದವರಿಗೆ ರ‍್ಯಾಂಕು ಹಚ್ಚುತ್ತ ಕೂದಲು ನರೆಸಿಕೊಂಡ ನನಗೆ ಅದು ಹೊಸದೇನಲ್ಲ. ಮೈಕ್ರೋಸಾಫ್ಟ್ 2013ರಲ್ಲಿ ತನ್ನ ನೌಕರರಿಗೆ ಒತ್ತಾಯದ ರ‍್ಯಾಂಕು ಹಚ್ಚುವ ಪದ್ಧತಿಯನ್ನು ಕೈಬಿಟ್ಟಾಗ ನಾವೆಲ್ಲ ಕ್ಯಾಂಟೀನಿನಲ್ಲಿ ಖುಷಿಪಟ್ಟವರೇ. ಅಂಥದ್ದನ್ನೇ ಕನ್ನಡ ಬಳಗಕ್ಕೆ ಹೊತ್ತು ತಂದೆನಲ್ಲ ಎಂಬುದು ಈಗಿನ ನಾಚಿಕೆ.

ಇನ್ನೊಂದು ದೋಷ ಇದಕ್ಕಿಂತ ದೊಡ್ಡದು. ಸಂಕಲನಕ್ಕೆ ಆಯ್ಕೆಯಾದ ಕಥೆಗೆ ಐವತ್ತು ಅಂಕ ಎಂದೂ ನಾನು ಬರೆದಿದ್ದೆ. ಅಂದರೆ ಅಂಕದಿಂದ ತೂಕ, ತೂಕದಿಂದ ಆಯ್ಕೆ, ಆಯ್ಕೆಯಿಂದ ಮತ್ತೆ ಅಂಕ. ಇದರಲ್ಲಿ ಯಾರೂ ಮೋಸ ಮಾಡಬೇಕಿಲ್ಲ. ಹಣ್ಣುಗಳಾದ ನಾವು ಒಬ್ಬರನ್ನೊಬ್ಬರು ಓದುತ್ತೇವೆ, ಪರಿಚಿತ ಹೆಸರು ಕಂಡರೆ ಮೊದಲು ತೆರೆಯುತ್ತೇವೆ, ಮೆಚ್ಚುತ್ತೇವೆ. ಗಾಣದೆತ್ತು ಸುತ್ತಿದಷ್ಟೂ ಎಣ್ಣೆ ನಮ್ಮ ಗಡಿಗೆಗೇ ಬೀಳುತ್ತದೆ.

ಇದರ ಜೊತೆಗೆ ಮತ ನಡೆಯುವಾಗಲೇ ಎಣಿಕೆ ಎಲ್ಲರಿಗೂ ಕಾಣುವಂತೆ ಇಟ್ಟಿದ್ದೆ. ಅದು "ಪಾರದರ್ಶಕತೆ" ಎಂದುಕೊಂಡಿದ್ದೆ. 2006ರಲ್ಲಿ ಸೈನ್ಸ್ ಪತ್ರಿಕೆಯಲ್ಲಿ ಸಾಲ್ಗನಿಕ್, ಡಾಡ್ಸ್, ವಾಟ್ಸ್ ಎಂಬ ಮೂವರ ಪ್ರಯೋಗವೊಂದು ಪ್ರಕಟವಾಯಿತು. ಹದಿನಾಲ್ಕು ಸಾವಿರಕ್ಕೂ ಹೆಚ್ಚು ಜನರಿಗೆ ಹೆಸರು ಕೇಳದ ತಂಡಗಳ 48 ಹಾಡುಗಳನ್ನು ಕೊಟ್ಟರು. ಒಂದು ಗುಂಪಿನವರಿಗೆ ಬೇರೆಯವರು ಯಾವುದನ್ನು ಇಳಿಸಿಕೊಂಡರು ಎಂಬುದು ಕಾಣದು. ಉಳಿದವರನ್ನು ಎಂಟು ಪ್ರತ್ಯೇಕ ಗುಂಪು ಮಾಡಿ ಅವರಿಗೆ ತಮ್ಮ ಗುಂಪಿನ ಎಣಿಕೆಯನ್ನು ತೋರಿಸಿದರು. ಎಣಿಕೆ ಕಾಣದ ಗುಂಪಿನಲ್ಲಿ 26ನೆಯ ಸ್ಥಾನದಲ್ಲಿದ್ದ ಒಂದು ಹಾಡು, ಎಣಿಕೆ ಕಂಡ ಒಂದು ಗುಂಪಿನಲ್ಲಿ ಮೊದಲನೆಯದಾಯಿತು, ಇನ್ನೊಂದರಲ್ಲಿ 40ನೆಯದಾಯಿತು. ಹಾಡು ಅದೇ, ಮೊದಲಿಗೆ ಯಾರು ಬಂದು ಒತ್ತಿದರು ಎಂಬುದಷ್ಟೇ ಬೇರೆ. 2013ರಲ್ಲಿ ಅದೇ ಪತ್ರಿಕೆಯಲ್ಲಿ ಬಂದ ಮತ್ತೊಂದು ಪ್ರಯೋಗದಲ್ಲಿ, ಒಂದು ಲಕ್ಷಕ್ಕೂ ಮಿಕ್ಕಿದ ಪ್ರತಿಕ್ರಿಯೆಗಳ ಪೈಕಿ ಕೆಲವಕ್ಕೆ ಸುಮ್ಮನೆ ಒಂದು ಮೆಚ್ಚುಗೆ ಸೇರಿಸಿ ಬಿಟ್ಟರು. ಅವುಗಳ ಕೊನೆಯ ಅಂಕ ಸರಾಸರಿ ಶೇ. 25ರಷ್ಟು ಏರಿತ್ತು. ಒಂದೇ ಒಂದು ಮತಕ್ಕೆ ಇಷ್ಟು ಶಕ್ತಿ. ನಮ್ಮಲ್ಲಿ ಒಬ್ಬ ಹಣ್ಣು ಬಂದು ಮೊದಲ ಗಂಟೆಯಲ್ಲೇ ಐದು ಒತ್ತಿಹೋದರೆ ಏನಾದೀತು, ನೀವೇ ಯೋಚಿಸಿ.

ಹಾಗಾದರೆ ದುಡಿದವರಿಗೆ ಬೆಲೆಯೇ ಬೇಡವೇ? ಬೇಕು. ಅದರ ಉತ್ತರವನ್ನು ನಾನು ಕಂಡದ್ದು ಇಲ್ಲೇ, ಸೂರತ್ ಜಿಲ್ಲೆಯಲ್ಲಿ.

ಆಫೀಸಿನ ಗೆಳೆಯನೊಬ್ಬನ ಊರು ಬಾರ್ಡೋಲಿ ಕಡೆ. ಒಂದು ಸಂಜೆ ಅವನ ತಾಯಿಯ ಜೊತೆ ಹಾಲಿನ ಡೇರಿಗೆ ಹೋಗಿದ್ದೆ. 1951ರಲ್ಲಿ ಹುಟ್ಟಿದ ಸುಮುಲ್ ಒಕ್ಕೂಟಕ್ಕೆ ಸೇರಿದ ಹಳ್ಳಿಯ ಸಂಘ ಅದು. ಸಾಲಿನಲ್ಲಿ ಒಂದು ಎಮ್ಮೆಯ ಹೆಂಗಸೂ ಇದ್ದಳು, ಇಪ್ಪತ್ತು ಎಮ್ಮೆಯ ಯಜಮಾನನೂ ಇದ್ದ. ಒಬ್ಬೊಬ್ಬರ ಹಾಲನ್ನೂ ಅಳೆದರು, ಕೊಬ್ಬಿನ ಅಂಶ ನೋಡಿದರು, ಅದಕ್ಕೆ ತಕ್ಕ ದರ ಬರೆದರು. ಹೆಚ್ಚು ಹಾಕಿದವನಿಗೆ ಹೆಚ್ಚು ದುಡ್ಡು, ಗಟ್ಟಿ ಹಾಲಿಗೆ ಇನ್ನೂ ಹೆಚ್ಚು. ಅದರಲ್ಲಿ ಯಾವ ಸಂಕೋಚವೂ ಇಲ್ಲ. ಆದರೆ ಆಡಳಿತ ಮಂಡಳಿಯ ಚುನಾವಣೆ ಬಂದಾಗ ಅವನಿಗೂ ಒಂದೇ ಮತ, ಅವಳಿಗೂ ಒಂದೇ ಮತ. "ಹಾಲಿಗೆ ತಕ್ಕಂತೆ ಮತ ಯಾಕಿಲ್ಲ?" ಎಂದು ನಾನು ಕೇಳಿದೆ. ಗೆಳೆಯನ ತಾಯಿ ನನ್ನನ್ನು ಪೆದ್ದನನ್ನು ನೋಡುವಂತೆ ನೋಡಿದರು. "ಹಾಲಿನ ದುಡ್ಡು ಕೊಟ್ಟಾಯಿತಲ್ಲ" ಎಂದರು.

ಎಷ್ಟು ಸರಳ! ಹಾಲಿಗೆ ಪ್ರತಿಫಲ ಹಾಲಿನ ಲೆಕ್ಕದಲ್ಲೇ ಸಂದಾಯವಾಯಿತು. ಮತ ಪ್ರತಿಫಲವಲ್ಲ. ಸಂಘದ ತೀರ್ಮಾನ ಯಾರ ಬದುಕನ್ನು ತಟ್ಟುತ್ತದೋ ಅವರಿಗೆ ಸೇರಿದ ಹಕ್ಕು ಅದು. ದರ ಇಳಿದರೆ ಇಪ್ಪತ್ತು ಎಮ್ಮೆಯವನ ಲಾಭ ಕಡಿಮೆಯಾಗುತ್ತದೆ, ಒಂದು ಎಮ್ಮೆಯವಳ ಒಲೆ ಆರುತ್ತದೆ. 1946ರಲ್ಲಿ ತ್ರಿಭುವನದಾಸ್ ಪಟೇಲರು ಖೇಡಾ ಜಿಲ್ಲೆಯ ರೈತರನ್ನು ಕಟ್ಟಿಕೊಂಡು ಆನಂದದಲ್ಲಿ ಆರಂಭಿಸಿದ ಒಕ್ಕೂಟ ನಿಂತದ್ದು ಇಂಥ ಹಳ್ಳಿ ಸಂಘಗಳ ಮೇಲೆ. ನಮ್ಮ ನಂದಿನಿ ಹಿಡಿದದ್ದೂ ಆನಂದದ ಮಾದರಿಯನ್ನೇ.

ಇದನ್ನು ಕಲಿಯಲು ನಾನು ಗುಜರಾತಿಗೆ ಬರಬೇಕಾಗಿರಲಿಲ್ಲ. ನಾನು ಗದಗ ಜಿಲ್ಲೆಯವನು. ನಮ್ಮ ಕಣಗಿನಹಾಳದಲ್ಲಿ 1905ರಲ್ಲೇ ಸಿದ್ಧನಗೌಡ ಸಣ್ಣರಾಮನಗೌಡ ಪಾಟೀಲರು ಕೃಷಿ ಪತ್ತಿನ ಸಹಕಾರ ಸಂಘ ಕಟ್ಟಿದರು. ದೇಶದ ಮೊದಲನೆಯದೆಂದು ಹೆಸರಾದ ಸಂಘ. 1912ರ ಸಹಕಾರ ಕಾಯ್ದೆಯಲ್ಲಿ, ಸದಸ್ಯರ ಹೊಣೆ ಷೇರಿಗೆ ಸೀಮಿತವಲ್ಲದ ಸಂಘಗಳಲ್ಲಿ ಬಂಡವಾಳ ಎಷ್ಟೇ ಇರಲಿ ಒಬ್ಬ ಸದಸ್ಯನಿಗೆ ಒಂದೇ ಮತ ಎಂದು ಬರೆದಿದೆ. ಸಹಕಾರ ಸಂಘಗಳಲ್ಲಿ ರಾಜಕೀಯವಿಲ್ಲ, ಕುರ್ಚಿಗೆ ಅಂಟಿಕೊಂಡ ಅಧ್ಯಕ್ಷರಿಲ್ಲ ಎಂದು ನಾನು ಹೇಳುತ್ತಿಲ್ಲ. ಬೇಕಾದಷ್ಟಿದೆ. ಆದರೆ ಆ ಅಧ್ಯಕ್ಷನೂ ಒಂದು ಎಮ್ಮೆಯವಳ ಬಾಗಿಲಿಗೆ ಬಂದು ಕೈಮುಗಿಯಬೇಕು. ನಮ್ಮ ಬಳಗದ ಹಣ್ಣುಗಳು ಮೊಗ್ಗಿನ ಬಾಗಿಲಿಗೆ ಹೋಗುವ ಅಗತ್ಯವೇ ಇಲ್ಲ.

"ಅದು ಹಾಲು, ಇದು ಆನ್‌ಲೈನ್. ಇಲ್ಲಿ ಬೇರೆ ನಿಯಮ" ಎನ್ನುವವರಿದ್ದಾರೆ. ಆನ್‌ಲೈನ್ ಜಗತ್ತಿನ ದೊಡ್ಡ ಬಳಗಗಳನ್ನೇ ನೋಡೋಣ. ಸ್ಟ್ಯಾಕ್ ಓವರ್‌ಫ್ಲೋದಲ್ಲಿ ಅಂಕಗಳ ಹುಚ್ಚು ನಮಗಿಂತ ಹೆಚ್ಚು. ಅಂಕ ಬೆಳೆದಂತೆ ಅಧಿಕಾರವೂ ಬೆಳೆಯುತ್ತದೆ, ಬೇರೆಯವರ ಬರಹ ತಿದ್ದಬಹುದು, ಪ್ರಶ್ನೆ ಮುಚ್ಚಿಸಲು ಮತ ಹಾಕಬಹುದು. ಆದರೆ ಮೇಲ್ವಿಚಾರಕರ ಚುನಾವಣೆಯಲ್ಲಿ 150 ಅಂಕ ದಾಟಿದ ಎಲ್ಲರ ಮತಕ್ಕೂ ಒಂದೇ ತೂಕ, ಲಕ್ಷಗಟ್ಟಲೆ ಅಂಕ ಇದ್ದವರದೂ ಅಷ್ಟೇ. ವಿಕಿಪೀಡಿಯವನ್ನು ನಡೆಸುವ ವಿಕಿಮೀಡಿಯ ಪ್ರತಿಷ್ಠಾನದ ಆಡಳಿತ ಮಂಡಳಿಯ ಚುನಾವಣೆಯಲ್ಲಿ ಮತ ಹಾಕಲು ಇಂತಿಷ್ಟು ಸಂಪಾದನೆ ಮಾಡಿರಬೇಕೆಂಬ ನಿಯಮವಿದೆ, ಸಾಮಾನ್ಯವಾಗಿ 300. ಆ ಹೊಸಿಲು ದಾಟಿದ ಮೇಲೆ ಕನ್ನಡ ವಿಕಿಪೀಡಿಯದಲ್ಲಿ ಮುನ್ನೂರು ತಿದ್ದಿದವರೂ ಇಂಗ್ಲಿಷಿನಲ್ಲಿ ಲಕ್ಷ ತಿದ್ದಿದವರೂ ಒಂದೇ.

ಹೊಸಿಲು ಇರಲಿ ಎಂಬುದನ್ನು ನಾನು ಒಪ್ಪುತ್ತೇನೆ. ಹಾಲಿನ ಸಂಘಗಳಲ್ಲೂ ಕನಿಷ್ಠ ಇಷ್ಟು ದಿನ ಹಾಲು ಹಾಕಿರಬೇಕು ಎಂಬಂಥ ಷರತ್ತುಗಳಿರುತ್ತವೆ. ಚುನಾವಣೆಯ ಹಿಂದಿನ ದಿನ ಬಾವಮೈದುನನನ್ನು ಸದಸ್ಯ ಮಾಡಿಸಿ ಮತ ಹಾಕಿಸುವವರು ಎಲ್ಲ ಕಡೆ ಇದ್ದಾರೆ. ಆನ್‌ಲೈನಿನಲ್ಲಂತೂ ಒಬ್ಬನೇ ಹತ್ತು ಹೆಸರಿನಲ್ಲಿ ಬರಬಹುದು. ತೂಕದ ಮತವನ್ನು ಸಮರ್ಥಿಸುವವರ ಗಟ್ಟಿಯಾದ ವಾದ ಇದೊಂದೇ, ಅದನ್ನು ತಳ್ಳಿಹಾಕಲಾಗದು. ಆದರೆ ಕಳ್ಳ ಬಂದಾನೆಂದು ಬಾಗಿಲಿಗೆ ಅಗುಳಿ ಹಾಕಬೇಕೇ ಹೊರತು, ಒಳಗಿರುವ ಅರ್ಧ ಜನರನ್ನು ನೆಲದ ಮೇಲೆ ಕೂರಿಸಬಾರದು. ನಮ್ಮದು ನೂರೆಂಬತ್ತು ಜನರ ಬಳಗ. ಯಾರು ಯಾರೆಂದು ಫೋನು ಮಾಡಿ ತಿಳಿಯಲು ಒಂದು ಭಾನುವಾರ ಸಾಕು.

"ಹೊಸಬರಿಗೆ ಸಾಹಿತ್ಯ ಏನು ಗೊತ್ತು?" ಎಂಬ ಮಾತೂ ಬರುತ್ತದೆ. ಗುಂಪಿನಲ್ಲಿ ಬರೆಯುವುದಿಲ್ಲ, ಖಾಸಗಿಯಾಗಿ ಹೇಳುತ್ತಾರೆ. ಅವರಿಗೆ ನನ್ನದೊಂದು ಪ್ರಶ್ನೆ. ಪರಿಣತರೇ ಆರಿಸಬೇಕು ಎನ್ನುವುದಾದರೆ ಮೂವರು ತೀರ್ಪುಗಾರರನ್ನು ನೇಮಿಸಿ, ಲೇಖಕರ ಹೆಸರು ತೆಗೆದು ಕಥೆ ಕೊಡಿ, ಅವರು ತಮ್ಮ ತೀರ್ಮಾನಕ್ಕೆ ಸಹಿ ಹಾಕಲಿ. ಅದು ಪ್ರಾಮಾಣಿಕ. ತೀರ್ಪುಗಾರಿಕೆ ನಿಮ್ಮ ಕೈಯಲ್ಲೇ ಇಟ್ಟುಕೊಂಡು ಅದಕ್ಕೆ "ಸದಸ್ಯರ ಮತ" ಎಂದು ಹೆಸರಿಡುವುದು ಪ್ರಾಮಾಣಿಕವಲ್ಲ.

ಆದ್ದರಿಂದ ಸಭೆಯ ಮುಂದೆ ನಾನು ಇಡುವುದು ಇಷ್ಟು. ಮೊಗ್ಗು, ಹೂವು, ಕಾಯಿ, ಹಣ್ಣು ಇರಲಿ. ಅವು ಹಾಲಿನ ಲೆಕ್ಕ. ಹೆಸರಿನ ಪಕ್ಕ ತೋರಿಸೋಣ, ರಾಜ್ಯೋತ್ಸವದ ದಿನ ಶಾಲು ಹೊದಿಸೋಣ. ಆದರೆ ಮೂರು ತಿಂಗಳು ಬಳಗದಲ್ಲಿದ್ದವರೆಲ್ಲರಿಗೂ ಒಂದೇ ಮತ. ಮತ ಮುಗಿಯುವವರೆಗೆ ಎಣಿಕೆ ಯಾರಿಗೂ ಕಾಣದಿರಲಿ, ಲೇಖಕರ ಹೆಸರೂ ಕಾಣದಿರಲಿ. ಮುಗಿದ ಮೇಲೆ ಪೂರ್ತಿ ಲೆಕ್ಕ ಎಲ್ಲರ ಮುಂದಿರಲಿ. ಆಯ್ಕೆಯಾದ ಕಥೆಗೆ ಅಂಕ ಬೇಡ, ಅಚ್ಚಾಗುವುದೇ ಸಾಕು.

ಊರು ಬಿಟ್ಟು ಬಂದವರು ನಾವು. ಕಚೇರಿಯಲ್ಲಿ ಒಂದು ದರ್ಜೆ, ಸೊಸೈಟಿಯಲ್ಲಿ ಒಂದು ದರ್ಜೆ, ಭಾಷೆ ಬಾರದ ಅಂಗಡಿಯಲ್ಲಿ ಇನ್ನೊಂದು. ಇವೆಲ್ಲವನ್ನೂ ದಾಟಿ ಕನ್ನಡ ಆಡಲೆಂದು ಕೂಡಿದ ಜಾಗದಲ್ಲಿ ಮತ್ತೊಂದು ಏಣಿ ಹಾಕಿದವನು ನಾನು. ಬಿಚ್ಚುವ ಕೆಲಸವೂ ನನ್ನದೇ. ಬನಹಟ್ಟಿಯ ಆ ಗೆಳೆಯರಿಗೆ ಮೊನ್ನೆ ಫೋನು ಮಾಡಿ ಇದನ್ನೆಲ್ಲ ಹೇಳಿದೆ. "ನೋಡೋಣ್ರೀ ಸರ್" ಎಂದರು. ಅಷ್ಟೇ ಅಂದದ್ದು. ಅದಕ್ಕಿಂತ ಹೆಚ್ಚು ಕೇಳುವ ಹಕ್ಕು ನನಗಿಲ್ಲ.

ಸಭೆಯಲ್ಲಿ ನನ್ನ ಪ್ರಸ್ತಾವ ಬಿದ್ದರೂ ಬೀಳಲಿ, ಒಂದನ್ನಂತೂ ದಾಖಲೆಗೆ ಹಾಕಿಸುತ್ತೇನೆ: ನನ್ನ ಐದನ್ನು ಇಂದಿನಿಂದಲೇ ಒಂದು ಮಾಡಿ.